ಯಾರ ಹಾಡು ಹಾಡೋಣ?

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಮದುವೆಯ ಹಿಂದಿನ ರಾತ್ರಿ ನೆಂಟರು ಸೇರಿದಲ್ಲಿ, ತೋಟದ ನಡುವಿನ ಹೋಂಸ್ಟೇಗಳಲ್ಲಿ ಗೆಳೆಯರು ಕೂಡಿದಲ್ಲಿ ಈಗ ಹೊಸ ಅತಿಥಿಯೊಬ್ಬ ಕಾಣಿಸಿಕೊಂಡಿದ್ದಾನೆ. ಗಾಲಿ ಇರುವ ಒಂದು ಸ್ಪೀಕರ್ ಪೆಟ್ಟಿಗೆ, ಅದಕ್ಕೆ ಎರಡು ಮೈಕು, ಮೊಬೈಲಿನ ಪರದೆಯ ಮೇಲೆ ಸಾಲು ಸಾಲಾಗಿ ಬರುವ ಹಾಡಿನ ಸಾಹಿತ್ಯ. ವಾದ್ಯಗಳ ಸದ್ದು ಪೆಟ್ಟಿಗೆಯಿಂದ ಬರುತ್ತದೆ, ಹಾಡುವ ಕೆಲಸ ಮಾತ್ರ ನಮ್ಮದು. ಇದೇ ಕರೋಕೆ. ಹಿಂದೆ ಊರಿಗೆ ರಸಮಂಜರಿ ತಂಡ ಬಂದರೆ ನಾವು ಕೆಳಗೆ ಕುಳಿತು ಕೇಳುತ್ತಿದ್ದೆವು. ಈಗ ಪ್ರತಿಯೊಬ್ಬರೂ ನಾಲ್ಕು ನಿಮಿಷದ ಮಟ್ಟಿಗೆ ಗಾಯಕರು.

ಇಂತಹ ಕೂಟಗಳಲ್ಲಿ ಡಾ. ರಾಜ್ ಚಿತ್ರಗಳ ಹಾಡು, ರಫಿಯವರ ಹಾಡು, ಯೇಸುದಾಸರ ಹಾಡು, ಬ್ಯಾರಿ ಮನೆಗಳಲ್ಲಾದರೆ ಒಂದೆರಡು ಮಾಪ್ಪಿಳ ಹಾಡು ಬರುವುದು ರೂಢಿ. ಅದರ ನಡುವೆ ಇಂಜಿನಿಯರಿಂಗ್ ಓದುತ್ತಿರುವ ಹುಡುಗನೋ ಹುಡುಗಿಯೋ ಎದ್ದು ಜಪಾನಿ ಭಾಷೆಯ ರಾಕ್ ಹಾಡೊಂದನ್ನು ಹಾಕಿದರೆ ಏನಾಗುತ್ತದೆ? ಜಪಾನಿನ ಅನಿಮೆ ಧಾರಾವಾಹಿಗಳು ಮೊಬೈಲಿನ ಮೂಲಕ ಮಲೆನಾಡಿನ ಮೂಲೆಗೂ ತಲುಪಿವೆ. ಅವುಗಳ ಶೀರ್ಷಿಕೆ ಗೀತೆಗಳೇ ಈ ಮಕ್ಕಳಿಗೆ ಮೊದಲ ರಾಕ್ ಹಾಡುಗಳು. ‘ನರುಟೊ’ ನೋಡಿ ಬೆಳೆದವರಿಗೆ ‘ಏಷ್ಯನ್ ಕುಂಗ್‌ಫೂ ಜನರೇಷನ್’ ಎಂಬ ಜಪಾನಿ ತಂಡದ ಹೆಸರು ಬಾಯಿಪಾಠ. ಆದರೆ ಕೂಟದಲ್ಲಿದ್ದ ಉಳಿದವರಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಹಿರಿಯರು ಮುಖ ಮುಖ ನೋಡಿಕೊಳ್ಳುತ್ತಾರೆ. “ಇದೆಂಥದು ಮಾರಾಯ, ನಮ್ಮದೇ ಹಾಡು ಇಲ್ಲವಾ?” ಎಂಬ ಮಾತು ಬರುತ್ತದೆ. ಹಾಡಿದವರಿಗೂ ನಿಜವಾಗಿ ಅರ್ಥ ಗೊತ್ತಿರುವುದು ಅಪರೂಪ.

ಇದು ನಕ್ಕು ಬಿಡುವ ಸಂಗತಿ ಎನಿಸಬಹುದು. ಆದರೆ ಈ ಸಣ್ಣ ಇರಿಸುಮುರಿಸಿನ ಹಿಂದೆ ಮೂರು ಗಟ್ಟಿ ಪ್ರಶ್ನೆಗಳಿವೆ ಎಂದು ನಮಗೆ ಅನಿಸುತ್ತದೆ. ಅರ್ಥ ತಿಳಿಯದ ಮಾತನ್ನು ಮನಸ್ಸಿಟ್ಟು ಹಾಡುವುದು ಪ್ರಾಮಾಣಿಕವೇ? ನಮ್ಮ ಭಾಷೆಯ ಹಾಡು ಬಿಟ್ಟು ಬೇರೆಯವರ ಹಾಡು ಹಾಡುವುದು ನಮ್ಮತನಕ್ಕೆ ಬಗೆಯುವ ದ್ರೋಹವೇ? ಹತ್ತು ಜನ ಕೂಡಿದಲ್ಲಿ ಹಾಡಿನ ಆಯ್ಕೆ ಹಾಡುವವನ ಹಕ್ಕೋ, ಕೇಳುವವರ ಹಕ್ಕೋ? ಸಂಗೀತದ ಬಗ್ಗೆ ನಮ್ಮ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆಯನ್ನು ಇಲ್ಲಿ ಎತ್ತಿಕೊಳ್ಳುವ ಉದ್ದೇಶ ನಮಗಿಲ್ಲ. ಹಾಡುವುದು ನಡೆದೇ ಇದೆ. ನಡೆಯುವಲ್ಲಿ ಅದರ ನೀತಿ ಏನು ಎಂಬುದಷ್ಟೇ ನಮ್ಮ ಪ್ರಶ್ನೆ.

ಮೊದಲಿಗೆ ಈ ಪೆಟ್ಟಿಗೆ ಎಲ್ಲಿಂದ ಬಂತು ಎಂದು ನೋಡೋಣ. ಜಪಾನಿಯಲ್ಲಿ ‘ಕರ’ ಎಂದರೆ ಖಾಲಿ. ‘ಓಕೆ’ ಎಂಬುದು ಆರ್ಕೆಸ್ಟ್ರಾ ಎಂಬ ಪದದ ಜಪಾನಿ ಉಚ್ಚಾರದ ತುಂಡು. ಖಾಲಿ ವಾದ್ಯಮೇಳ, ಅಂದರೆ ಗಾಯಕನಿಲ್ಲದ ಮೇಳ. 1967ರಲ್ಲಿ ಟೋಕಿಯೊದ ಶಿಗೇಇಚಿ ನೆಗಿಶಿ ಎಂಬವರು ಇಂತಹ ಒಂದು ಯಂತ್ರವನ್ನು ಮಾಡಿದರು. ಅವರ ಹಾಡುಗಾರಿಕೆಯನ್ನು ಸಹೋದ್ಯೋಗಿಯೊಬ್ಬ ಗೇಲಿ ಮಾಡಿದ್ದೇ ಅದಕ್ಕೆ ಪ್ರೇರಣೆಯಂತೆ. 1971ರಲ್ಲಿ ಕೋಬೆ ನಗರದ ದೈಸುಕೆ ಇನೋವೆ ಮತ್ತೊಂದು ಯಂತ್ರ ಮಾಡಿದರು. ಅವರು ಮದ್ಯದಂಗಡಿಗಳಲ್ಲಿ ಹಾಡುವ ಗಿರಾಕಿಗಳಿಗೆ ವಾದ್ಯ ನುಡಿಸುತ್ತಿದ್ದವರು. ತನ್ನ ಪ್ರವಾಸಕ್ಕೆ ಬಂದು ನುಡಿಸಬೇಕೆಂದು ಗಿರಾಕಿಯೊಬ್ಬ ಕೇಳಿದಾಗ ಹೋಗಲಾಗದೆ ವಾದ್ಯವನ್ನು ಟೇಪಿನಲ್ಲಿ ಮುದ್ರಿಸಿ ಕೊಟ್ಟರು. ಅಲ್ಲಿಂದ ಹೊಳೆದದ್ದು ನಾಣ್ಯ ಹಾಕಿದರೆ ನುಡಿಯುವ ಪೆಟ್ಟಿಗೆ. ಮೊದಲಿಗೆ 11 ಪೆಟ್ಟಿಗೆಗಳನ್ನು ಮಾಡಿ ಬಾಡಿಗೆಗೆ ಕೊಟ್ಟರು. ಇನೋವೆ ಅದಕ್ಕೆ ಪೇಟೆಂಟ್ ಪಡೆಯಲೇ ಇಲ್ಲ. 1980ರ ದಶಕದ ನಡುವಿನಲ್ಲಿ ಒಕಯಾಮದಲ್ಲಿ ಹಡಗಿನ ಸರಕು ಪೆಟ್ಟಿಗೆಗಳನ್ನೇ ಸಣ್ಣ ಕೋಣೆಗಳನ್ನಾಗಿ ಮಾಡಿ ಬಾಡಿಗೆಗೆ ಕೊಡುವ ರೂಢಿ ಆರಂಭವಾಯಿತು. ಮದ್ಯದಂಗಡಿಯಲ್ಲಿ ಹುಟ್ಟಿದ ಈ ಹವ್ಯಾಸ ಹೀಗೆ ವಿದ್ಯಾರ್ಥಿಗಳ, ಕುಟುಂಬಗಳ ಕೋಣೆಗೂ ಬಂತು.

2004ರಲ್ಲಿ ಇನೋವೆಯವರಿಗೆ ಇಗ್ ನೊಬೆಲ್ ಶಾಂತಿ ಬಹುಮಾನ ಬಂತು. ಇದು ನಿಜವಾದ ನೊಬೆಲ್ ಅಲ್ಲ. ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಕೆಲಸಗಳಿಗೆ ತಮಾಷೆಯಾಗಿ ಕೊಡುವ ಬಹುಮಾನ. ಜನರು ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಕಲಿಯುವುದಕ್ಕೆ ಪೂರ್ತಿ ಹೊಸದೊಂದು ದಾರಿಯನ್ನು ತೋರಿಸಿಕೊಟ್ಟರು ಎಂಬುದು ಅದಕ್ಕೆ ಕೊಟ್ಟ ಕಾರಣ. ತಮಾಷೆಗೆ ಹೇಳಿದ ಈ ಮಾತಿನಲ್ಲೇ ನಮ್ಮ ಪ್ರಶ್ನೆಯ ಕೀಲಿಕೈ ಇದೆ. ಕರೋಕೆ ಹಾಡುವ ಕಲೆ ಎಂದು ನಾವೆಲ್ಲ ತಿಳಿದಿದ್ದೇವೆ. ಲೆಕ್ಕ ಹಾಕಿ ನೋಡಿ. ಐದು ಮಂದಿ ಒಂದು ಗಂಟೆ ಕುಳಿತರೆ, ಹಾಡಿಗೆ ನಾಲ್ಕು ನಿಮಿಷದಂತೆ ಹದಿನೈದು ಹಾಡು. ಒಬ್ಬೊಬ್ಬರ ಪಾಲಿಗೆ ಮೂರು. ಅಂದರೆ ಹನ್ನೆರಡು ನಿಮಿಷ ಹಾಡುವುದು, ನಲವತ್ತೆಂಟು ನಿಮಿಷ ಕೇಳುವುದು. ಮುಖ್ಯ ಕೆಲಸ ಯಾವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ಅರ್ಥ ತಿಳಿಯದೆ ಹಾಡುವುದು ಸುಳ್ಳಲ್ಲವೇ? “ನಾನು ನಿನಗಾಗಿ ಅಳುತ್ತೇನೆ” ಎಂದು ಅರ್ಥವಿರುವ ಸಾಲನ್ನು ಅದು ಗೊತ್ತಿಲ್ಲದೆ ಗಂಟಲು ಬಿಗಿದು ಹಾಡಿದರೆ ಆ ಅಳು ಯಾರದ್ದು?

ಹೀಗೆ ಕೇಳುವವರು ಒಂದು ಸಂಗತಿ ಮರೆಯುತ್ತಾರೆ. ಅರ್ಥಕ್ಕೆ ಮೊದಲು ಧ್ವನಿಯನ್ನು ಕಲಿಯುವುದು ನಮ್ಮ ನಾಡಿಗೆ ಹೊಸದಲ್ಲ. ಮದ್ರಸಕ್ಕೆ ಹೋಗುವ ಐದು ವರ್ಷದ ಮಗು ಅರಬಿ ಅಕ್ಷರಗಳ ಸ್ಥಾನವನ್ನು ನಾಲಿಗೆಯಲ್ಲಿ ಕಲಿಯುತ್ತದೆ, ಅರ್ಥ ಆಮೇಲೆ. ಪಾಠಶಾಲೆಯಲ್ಲಿ ಮಂತ್ರ ಕಲಿಯುವ ವಟುವಿನ ಕತೆಯೂ ಇದೇ. ಪಾರಾಯಣವನ್ನು ಸಿನಿಮಾ ಹಾಡಿನ ಜೊತೆ ಹೋಲಿಸುವುದು ನಮ್ಮ ಉದ್ದೇಶವಲ್ಲ, ಅದರ ಗೌರವದ ಸ್ಥಾನವೇ ಬೇರೆ. ನಾವು ಹೇಳುವುದು ನಾಲಿಗೆಯ ಅಭ್ಯಾಸದ ಕುರಿತು ಮಾತ್ರ. ಮದುವೆ ಮನೆಯ ಮಾಪ್ಪಿಳ ಹಾಡುಗಳನ್ನೇ ತೆಗೆದುಕೊಳ್ಳಿ. ಕೊಂಡೋಟ್ಟಿಯ ಮೋಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ ರಚಿಸಿದ ‘ಬದರುಲ್ ಮುನೀರ್ ಹುಸ್ನುಲ್ ಜಮಾಲ್’ ಕಾವ್ಯದಲ್ಲಿ ಮಲಯಾಳ, ತಮಿಳು, ಅರಬಿ, ಪಾರಸಿ ಪದಗಳು ಬೆರೆತಿವೆ. ಅದರ ಮಟ್ಟಿಗೆ ತಲೆದೂಗುವವರಲ್ಲಿ ಪ್ರತಿ ಪದದ ಅರ್ಥ ಬಲ್ಲವರು ಎಷ್ಟು ಮಂದಿ?

ಇನ್ನೊಂದು ಉದಾಹರಣೆ. ಪಂಜಾಬಿನ ಕೋಟ್ಲಾ ಸುಲ್ತಾನ್ ಸಿಂಗ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಮುಹಮ್ಮದ್ ರಫಿ 1967ರ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ ಕನ್ನಡದಲ್ಲಿ ಹಾಡಿದರು. ಅಗಲಿಕೆಯ ಆ ಹಾಡನ್ನು ಕನ್ನಡಿಗರು ಇಂದಿಗೂ ಮರೆತಿಲ್ಲ. ಕನ್ನಡ ಅವರ ಭಾಷೆಯಲ್ಲ ಎಂಬ ಕಾರಣಕ್ಕೆ ಆ ದುಃಖ ಸುಳ್ಳು ಎಂದು ನಮ್ಮಲ್ಲಿ ಯಾರೂ ಹೇಳಿದ್ದಿಲ್ಲ. ಬೇರೆ ಭಾಷೆಯವರು ನಮ್ಮ ಹಾಡನ್ನು ಹಾಡಿದರೆ ಅಭಿಮಾನ. ನಮ್ಮ ಮಕ್ಕಳು ಬೇರೆಯವರ ಹಾಡನ್ನು ಹಾಡಿದರೆ ಆಕ್ಷೇಪ. ಈ ತಕ್ಕಡಿ ಸರಿಯಿದೆಯೇ?

ಇಮಾಮ್ ಗಝ್ಝಾಲಿ (ನಿಧನ 1111) ತಮ್ಮ ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ಹಾಡು ಕೇಳುವುದರ ಶಿಷ್ಟಾಚಾರಕ್ಕೆ ಒಂದು ಭಾಗವನ್ನೇ ಮೀಸಲಿಟ್ಟಿದ್ದಾರೆ. ಅಲ್ಲಿ ಬರುವ ಒಂದು ಪ್ರಸಂಗ ನಮ್ಮ ಚರ್ಚೆಗೆ ಹೇಳಿ ಮಾಡಿಸಿದಂತಿದೆ. ಯಾರೋ ಅರಬಿ ಕವಿತೆಯೊಂದನ್ನು ಹಾಡುತ್ತಿದ್ದರು. ಅದರಲ್ಲಿ ‘ಝಾರ’ ಎಂಬ ಪದವಿತ್ತು. ಅರಬಿಯಲ್ಲಿ ಅದಕ್ಕೆ ಭೇಟಿಯಾದ ಎಂದು ಅರ್ಥ. ಕೇಳುತ್ತಿದ್ದ ಪಾರಸಿ ಭಾಷಿಕನೊಬ್ಬ ಭಾವಪರವಶನಾದ. ಏನು ಕಾರಣವೆಂದು ಕೇಳಿದರೆ, ನಾವೆಲ್ಲ ನಾಶದ ಅಂಚಿನಲ್ಲಿದ್ದೇವೆಂದು ಆತ ಹಾಡುತ್ತಿದ್ದಾನಲ್ಲ, ಅದು ನಿಜವಲ್ಲವೇ ಎಂದ. ಪಾರಸಿಯಲ್ಲಿ ‘ಝಾರ್’ ಎಂದರೆ ಅಳಿವಿನಂಚಿಗೆ ಬಂದವನು. ಪದವನ್ನು ಅವನು ತಪ್ಪಾಗಿ ಕೇಳಿಸಿಕೊಂಡಿದ್ದ. ಆದರೂ ಗಝ್ಝಾಲಿಯವರು ಅವನನ್ನು ಹಾಸ್ಯ ಮಾಡುವುದಿಲ್ಲ. ಹೃದಯದಲ್ಲಿ ಮೊದಲೇ ಇದ್ದುದನ್ನು ಹಾಡು ಕಲಕುತ್ತದೆ ಎಂಬುದು ಅವರ ನಿಲುವು. ಮರುಭೂಮಿಯಲ್ಲಿ ಸಾರವಾನನ ಹಾಡಿಗೆ ಒಂಟೆಗಳು ಭಾರ ಮರೆತು ಓಡುವುದನ್ನೂ ಅವರು ಅಲ್ಲಿ ನೆನಪಿಸುತ್ತಾರೆ. ಒಂಟೆಗೆ ಯಾವ ವ್ಯಾಕರಣ ಗೊತ್ತು?

ಆದ್ದರಿಂದ ಅರ್ಥ ತಿಳಿಯದೆ ಹಾಡುವುದೇ ಸುಳ್ಳು ಎಂಬ ವಾದ ನಿಲ್ಲುವುದಿಲ್ಲ. ಹಾಗೆಂದು ಅರ್ಥದ ಹಂಗೇ ಬೇಡ ಎನ್ನಲಾದೀತೇ? ಅದೂ ಆಗದು. ಒಂದು ಹಾಡನ್ನು ಪ್ರೀತಿಯಿಂದ ಹಾಡಿದವನು ಅದಕ್ಕೆ ಸಾಲಗಾರನಾಗುತ್ತಾನೆ. ಆ ಮಾತುಗಳನ್ನು ಯಾರೋ ಯಾವುದೋ ನೋವಿನಿಂದ ಬರೆದಿರುತ್ತಾರೆ. 1963ರಲ್ಲಿ ಕ್ಯೂ ಸಕಮೊಟೊ ಎಂಬ ಜಪಾನಿ ಗಾಯಕನ ಹಾಡೊಂದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕಣ್ಣೀರು ಕೆಳಗೆ ಬೀಳದಿರಲೆಂದು ತಲೆಯೆತ್ತಿ ನಡೆಯುವವನ ಹಾಡು ಅದು. 1960ರಲ್ಲಿ ಅಮೆರಿಕದೊಂದಿಗಿನ ಭದ್ರತಾ ಒಪ್ಪಂದದ ವಿರುದ್ಧ ಜಪಾನಿನಲ್ಲಿ ನಡೆದ ಜನಚಳವಳಿ ಸೋತ ಬೇಸರದಲ್ಲಿ ರೊಕುಸುಕೆ ಏಯ್ ಅದನ್ನು ಬರೆದಿದ್ದರು. ಪಾಶ್ಚಾತ್ಯ ಮಾರುಕಟ್ಟೆ ಅದಕ್ಕಿಟ್ಟ ಹೆಸರು ‘ಸುಕಿಯಾಕಿ’. ಅದೊಂದು ಮಾಂಸದ ಅಡುಗೆಯ ಹೆಸರು. ಹಾಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಒಬ್ಬರ ದುಃಖದ ಹಾಡನ್ನು ನಾವು ಬಿರಿಯಾನಿ ಎಂದು ಕರೆದಂತೆ! ಅಮೆರಿಕದ ವಿರುದ್ಧ ಸೋತವನ ಕಣ್ಣೀರು ಅಮೆರಿಕದಲ್ಲೇ ಊಟದ ಹೆಸರಿನಲ್ಲಿ ಮಾರಾಟವಾಯಿತು. ಹಾಡು ಮೆಚ್ಚಿದವರ ಪ್ರೀತಿ ಸುಳ್ಳಲ್ಲ. ಆದರೆ ಅರ್ಥವನ್ನು ಕೇಳುವ ಸೌಜನ್ಯ ತೋರದ ಪ್ರೀತಿ ಅರ್ಧ ಪ್ರೀತಿ.

ಅರ್ಥ ಕೇಳದಿದ್ದರೆ ಅವಾಂತರವೂ ಆಗಬಹುದು. ಕೆನ್ಶಿ ಯೊನೆಜು 2018ರಲ್ಲಿ ಹಾಡಿದ ‘ಲೆಮನ್’ ಜಪಾನಿನಲ್ಲಿ ಬಹಳ ಜನಪ್ರಿಯ. ಮಟ್ಟು ಕೇಳಿದರೆ ಪ್ರೇಮಗೀತೆ ಎನಿಸುತ್ತದೆ. ಆದರೆ ಅದು ಸತ್ತವರ ನೆನಪಿನ ಹಾಡು. ಅದನ್ನು ಮದುಮಕ್ಕಳ ಮುಂದೆ ಹಾಡಿದರೆ? ಯಾರಿಗೂ ತಿಳಿಯದಿರಬಹುದು, ಆದರೆ ಹಾಡಿದವನಿಗೆ ತಿಳಿದಿರಬೇಡವೇ? ಇಂದು ಹಾಡಿನ ಅನುವಾದ ಹುಡುಕುವುದು ಎರಡು ನಿಮಿಷದ ಕೆಲಸ. ಆ ಎರಡು ನಿಮಿಷವೇ ಸಾಲದ ಮೊದಲ ಕಂತು. ಎರಡನೆಯ ಕಂತು ಉಚ್ಚಾರ. ಇದರಲ್ಲಿ ನಮ್ಮ ಮಕ್ಕಳಿಗೆ ಒಂದು ಅನುಕೂಲವೂ ಇದೆ. ಜಪಾನಿ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ನಮ್ಮ ಊಟ, ಮನೆ, ಹಾಡುಗಳಂತೆ. ನಾವು ‘ಬಸ್ಸು’ ಎಂದರೆ ಅವರು ‘ಬಸು’ ಎನ್ನುತ್ತಾರೆ. ಅವರ ಅಕ್ಷರಮಾಲೆಯ ಕ್ರಮಕ್ಕೂ ಬೌದ್ಧ ಭಿಕ್ಷುಗಳು ಕಲಿತ ಭಾರತೀಯ ವರ್ಣಮಾಲೆಯೇ ಮೂಲ. ಇಂಗ್ಲಿಷ್ ಅಕ್ಷರ ನೋಡಿ ಹಾಡುವ ಬದಲು ಕನ್ನಡದಲ್ಲಿ ಬರೆದುಕೊಂಡು ಹಾಡಿದರೆ ಜಪಾನಿ ನಾಲಿಗೆಗೆ ಹತ್ತಿರವಾಗಿಯೇ ಬರುತ್ತದೆ.

ಇನ್ನು ಎರಡನೆಯ ಪ್ರಶ್ನೆ: ನಮ್ಮತನ. ಬೇರೆ ಭಾಷೆಯ ಹಾಡು ಹಾಡಿದರೆ ನಮ್ಮ ಸಂಸ್ಕೃತಿಗೆ ಕುಂದು ಎಂಬ ಆತಂಕ ಜಪಾನಿನ ರಾಕ್ ಸಂಗೀತದಲ್ಲೇ ಒಮ್ಮೆ ತಲೆಕೆಳಗಾಗಿ ಎದ್ದಿತ್ತು. 1970ರ ಸುಮಾರಿಗೆ ಅಲ್ಲಿ ರಾಕ್ ಹಾಡಿಗೆ ಜಪಾನಿ ಭಾಷೆ ಒಗ್ಗುವುದೇ ಇಲ್ಲ, ಇಂಗ್ಲಿಷಿನಲ್ಲೇ ಹಾಡಬೇಕು ಎಂದು ಯೂಯಾ ಉಚಿದಾರಂಥವರು ವಾದಿಸಿದರು. ‘ಹ್ಯಾಪಿ ಎಂಡ್’ ಎಂಬ ತಂಡ ಜಪಾನಿಯಲ್ಲೇ ಹಾಡಿ 1971ರಲ್ಲಿ ‘ಕಝೆಮಾಚಿ ರೋಮನ್’ ಎಂಬ ಆಲ್ಬಂ ತಂದಿತು. ವಾದ ತಣ್ಣಗಾಯಿತು. ಪರದೇಶದ ಮಟ್ಟಿನಲ್ಲಿ ತಮ್ಮ ಮಾತು ಕೂರಿಸಲು ಸಾಧ್ಯವೆಂದು ಅವರು ತೋರಿಸಿದ್ದರಿಂದಲೇ ಇಂದು ನಮ್ಮ ಮಲೆನಾಡಿನ ಹುಡುಗರಿಗೆ ‘ಜಪಾನಿ ರಾಕ್’ ಎಂಬುದೊಂದು ಇದೆ.

ಅಷ್ಟಕ್ಕೂ ಈ ಬೆಟ್ಟಗಳಲ್ಲಿ ನಿಂತು ‘ಹೊರಗಿನದ್ದು ಬೇಡ’ ಎನ್ನುವುದು ಕಷ್ಟ. ಇಲ್ಲಿನ ಬದುಕು ನಿಂತಿರುವುದೇ ಯಮನ್‌ನಿಂದ ಬಾಬಾ ಬುಡನ್ ತಂದರೆಂದು ಪ್ರತೀತಿಯಿರುವ ಏಳು ಬೀಜಗಳ ಮೇಲೆ. ಆ ಕಾಫಿಯೂ ಯಮನ್‌ನಲ್ಲಿ ಜನಪ್ರಿಯವಾದದ್ದು ರಾತ್ರಿಯಿಡೀ ದಿಕ್ರ್ ಮಾಡುವ ಸೂಫಿಗಳು ನಿದ್ದೆ ಬಾರದಿರಲೆಂದು ಕುಡಿಯುತ್ತಿದ್ದ ಪಾನೀಯವಾಗಿ. 1511ರಲ್ಲಿ ಮಕ್ಕಾದ ಅಧಿಕಾರಿ ಖಾಯಿರ್ ಬೇಗ್ ಅದನ್ನು ನಿಷೇಧಿಸಿದ್ದ. ಹೊಸ ರುಚಿಯನ್ನೂ ಹೊಸ ಕೂಟವನ್ನೂ ಕಂಡು ಬೆಚ್ಚಿಬೀಳುವುದು ಅಂದಿನಿಂದಲೂ ಇದೆ. ನಿಷೇಧ ಉಳಿಯಲಿಲ್ಲ, ಕಾಫಿ ಉಳಿಯಿತು.

ಹಾಡಿನ ಆಯ್ಕೆಯನ್ನು ನಿಷ್ಠೆಯ ಪರೀಕ್ಷೆಯಾಗಿಸಿದರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದ್ದೇ ಎರಡು ಘಟನೆಗಳನ್ನು ನೆನೆಯಬಹುದು. 2017ರ ಮಾರ್ಚ್‌ನಲ್ಲಿ ಮಲೆನಾಡಿನ ಸಾಗರದ ಸುಹಾನಾ ಸೈಯದ್ ಎಂಬ ಯುವತಿ ಹಿಜಾಬ್ ಧರಿಸಿ ಟಿವಿ ಕಾರ್ಯಕ್ರಮದಲ್ಲಿ ಕನ್ನಡ ಚಿತ್ರವೊಂದರ ಹಿಂದೂ ಭಕ್ತಿಗೀತೆ ಹಾಡಿದರು. ಸಾಮಾಜಿಕ ಜಾಲತಾಣದಲ್ಲಿ ನಮ್ಮವರೇ ಕೆಲವರು ಆಕೆಯನ್ನು ಹೀಗಳೆದರು; ಬೆಂಬಲಕ್ಕೆ ನಿಂತವರೂ ಬಹಳ ಮಂದಿ. ಎಂಟು ವರ್ಷಗಳ ನಂತರ, 2025ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಕಾಲೇಜು ಕಾರ್ಯಕ್ರಮವೊಂದರಲ್ಲಿ ಕನ್ನಡ ಹಾಡಿಗಾಗಿ ಸಭಿಕರಿಂದ ಬಂದ ಒತ್ತಾಯಕ್ಕೆ ಸಿಟ್ಟಾದ ಗಾಯಕ ಸೋನು ನಿಗಮ್, ಆ ಒತ್ತಾಯವನ್ನು ಪಹಲ್ಗಾಮ್‌ನ ಭಯೋತ್ಪಾದಕ ದಾಳಿಗೆ ತಳುಕು ಹಾಕಿ ಮಾತನಾಡಿದರು. ವಿವಾದ ಪೊಲೀಸ್ ದೂರಿನವರೆಗೆ ಹೋಯಿತು. ಕೊನೆಗೆ ಅವರು ಕ್ಷಮೆ ಕೇಳಿದರು. ಒಂದು ಕಡೆ ‘ಇದನ್ನು ಹಾಡಬೇಡ’ ಎಂಬ ಕಟ್ಟಳೆ, ಇನ್ನೊಂದು ಕಡೆ ‘ಇದನ್ನೇ ಹಾಡು’ ಎಂಬ ಒತ್ತಾಯ ಮತ್ತು ಅದಕ್ಕೆ ಅತಿರೇಕದ ಉತ್ತರ. ಎರಡರಲ್ಲೂ ಹಾಡು ಹಾಡಾಗಿ ಉಳಿಯದೆ ಗುರುತಿನ ಚೀಟಿಯಾಯಿತು. ಭಾಷೆಯ ಮೇಲಿನ ಪ್ರೀತಿ ದೊಡ್ಡದು. ಆದರೆ ಪ್ರೀತಿ ಕೇಳಿಕೊಳ್ಳಬಹುದು, ಕಸಿದುಕೊಳ್ಳಲಾಗದು. ಮಕ್ಕಳು ಕನ್ನಡ ಹಾಡನ್ನು, ಬ್ಯಾರಿ ಹಾಡನ್ನು ಹಾಡುತ್ತಿಲ್ಲವಾದರೆ ಜಪಾನಿ ಹಾಡನ್ನು ತಡೆಯುವುದು ಮದ್ದಲ್ಲ. ನಮ್ಮ ಹಾಡನ್ನು ಅವರ ಕಿವಿಗೆ ನಾವು ಎಷ್ಟು ಹಾಕಿದ್ದೇವೆ ಎಂದು ಕೇಳಿಕೊಳ್ಳುವುದು ಮದ್ದು.

ಹಾಗಾದರೆ ಹಾಡುವವರು ಏನು ಬೇಕಾದರೂ ಹಾಡಬಹುದೇ? ಇಲ್ಲಿ ಮೂರನೆಯ ಪ್ರಶ್ನೆ ಬರುತ್ತದೆ: ಕೂಟದ ಹಕ್ಕು. ಮೂಲೆಯಲ್ಲಿ ಅಜ್ಜಿ ಕುಳಿತಿದ್ದಾರೆ. ಅವರಿಗೆ ರಾಕ್ ಗಿಟಾರಿನ ಅಬ್ಬರ ಎದೆಗೆ ಬಡಿದಂತಾಗುತ್ತದೆ. ತೊಟ್ಟಿಲಲ್ಲಿ ಮಗುವಿದೆ. ಆಚೆ ಮನೆಯಲ್ಲಿ ಬೆಳಗ್ಗೆ ಬೇಗ ಏಳಬೇಕಾದವರಿದ್ದಾರೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ಕಾಡಂಚಿನ ಈ ಊರುಗಳಲ್ಲಿ ಮನುಷ್ಯರಲ್ಲದ ನೆರೆಹೊರೆಯೂ ಇದೆ. ‘ನನ್ನ ಆಯ್ಕೆ’ ಎಂಬುದು ಇವರೆಲ್ಲರ ನಡುವೆ ಜಾಗ ಹುಡುಕಬೇಕು. ನಾಲ್ಕು ಹಾಡಿನ ಸರದಿ ಸಿಕ್ಕಿದರೆ ನಾಲ್ಕನ್ನೂ ಯಾರಿಗೂ ತಿಳಿಯದ ಭಾಷೆಯಲ್ಲಿ ಹಾಡುವವನು ಕೂಟದಲ್ಲಿದ್ದೂ ಒಂಟಿ. ಒಂದನ್ನು ತನಗಾಗಿ ಹಾಡಿ, ಇನ್ನೊಂದನ್ನು ಅಜ್ಜಿಗಾಗಿ ಹಾಡುವವನು ಕೂಟದವನು. ಹಾಡುವ ಮೊದಲು “ಇದು ಇಂಥ ಕತೆಯ ಹಾಡು, ಇಂಥ ಅರ್ಥ” ಎಂದು ಎರಡು ಮಾತು ಹೇಳಿದರೆ ಕೇಳುವವರ ಮುಖವೇ ಬದಲಾಗುತ್ತದೆ. ಕೇಳುವವರಿಗೂ ಕರ್ತವ್ಯವಿದೆ. ನಾಲ್ಕು ನಿಮಿಷ ಮೊಬೈಲ್ ಕೆಳಗಿಟ್ಟು ಕೂರುವುದು ದೊಡ್ಡ ತ್ಯಾಗವೇನಲ್ಲ.

2005ರಲ್ಲಿ ನೊಬುಹಿರೊ ಯಮಶಿತ ನಿರ್ದೇಶಿಸಿದ ‘ಲಿಂಡಾ ಲಿಂಡಾ ಲಿಂಡಾ’ ಎಂಬ ಜಪಾನಿ ಚಿತ್ರದಲ್ಲಿ ಇದೆಲ್ಲ ಒಂದೇ ಕಡೆ ಸಿಗುತ್ತದೆ. ಶಾಲೆಯ ಉತ್ಸವಕ್ಕೆ ಕೆಲವೇ ದಿನಗಳಿರುವಾಗ ಮೂವರು ಹುಡುಗಿಯರ ತಂಡಕ್ಕೆ ಗಾಯಕಿ ಬೇಕಾಗುತ್ತದೆ. ದಾರಿಯಲ್ಲಿ ಸಿಕ್ಕ ಕೊರಿಯಾದ ವಿದ್ಯಾರ್ಥಿನಿಯನ್ನು ಕೇಳುತ್ತಾರೆ. ಜಪಾನಿ ಸರಿಯಾಗಿ ಬಾರದ ಆಕೆ ಏನು ಕೇಳಿದರೆಂದು ತಿಳಿಯದೆಯೇ ‘ಹ್ಞೂಂ’ ಎನ್ನುತ್ತಾಳೆ. ಹಾಡಬೇಕಾದದ್ದು ‘ದಿ ಬ್ಲೂ ಹಾರ್ಟ್ಸ್’ ತಂಡದ ರಾಕ್ ಹಾಡುಗಳು. ಅವುಗಳಲ್ಲೊಂದು, 1987ರದ್ದು, ಚರಂಡಿಯ ಇಲಿಯಲ್ಲೂ ಸೌಂದರ್ಯ ಕಾಣುವ ಹಾಡು. ಆಕೆ ಒಬ್ಬಳೇ ಕರೋಕೆ ಕೋಣೆಗೆ ಹೋಗಿ ಅಭ್ಯಾಸ ಮಾಡುತ್ತಾಳೆ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿ ನರಳಿತ್ತು. ಜಪಾನಿನ ಹಾಡು-ಸಿನಿಮಾಗಳಿಗೆ ದಕ್ಷಿಣ ಕೊರಿಯಾ ಬಾಗಿಲು ತೆರೆಯತೊಡಗಿದ್ದು 1998ರಲ್ಲಿ. ಆ ಚರಿತ್ರೆ ಬಲ್ಲವರಿಗೆ ಕೊರಿಯಾದ ಹುಡುಗಿಯೊಬ್ಬಳು ಜಪಾನಿ ಹಾಡನ್ನು ಕಷ್ಟಪಟ್ಟು ಕಲಿಯುವುದು ಬರಿಯ ಹವ್ಯಾಸವಾಗಿ ಕಾಣದು. ಭಾಷಣಗಳಿಂದ ಆಗದ ಕೆಲಸವನ್ನು ಒಂದು ಹಾಡಿನ ಅಭ್ಯಾಸ ಮಾಡುತ್ತದೆ. ಚಿತ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ: ಹಾಡಿದವಳು ಪರಕೀಯಳು, ಜಾಗ ಬಿಟ್ಟುಕೊಟ್ಟವರು ಆ ನೆಲದವರು. ಮೈಕನ್ನು ಅವಳ ಕೈಗೆ ಕೊಟ್ಟವರಿಲ್ಲದಿದ್ದರೆ ಹಾಡೂ ಇರುತ್ತಿರಲಿಲ್ಲ.

ಈ ಸೂಕ್ಷ್ಮ ನಮ್ಮನ್ನು ಮತ್ತೆ ನಮ್ಮ ಬೆಟ್ಟಗಳಿಗೆ, ತೋಟದ ಲೈನ್ ಮನೆಗಳಿಗೆ ಕರೆತರುತ್ತದೆ. ಒಂದು ಕಾಲದಲ್ಲಿ ಘಟ್ಟದ ಕೆಳಗಿನಿಂದ ತುಳು ಮಾತಾಡುವವರು, ಪೂರ್ವದಿಂದ ತಮಿಳು ಮಾತಾಡುವವರು ಕೆಲಸ ಹುಡುಕಿ ಇಲ್ಲಿಗೆ ಬಂದರು. ವ್ಯಾಪಾರಕ್ಕೆಂದು ಘಟ್ಟ ಹತ್ತಿದ ಬ್ಯಾರಿಗಳೂ ಹಾಗೆ ಬಂದವರೇ. ಈಗ ಕಾಫಿ ಕೊಯ್ಲಿಗೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳಿಂದ ಕಾರ್ಮಿಕರು ಬರುತ್ತಿದ್ದಾರೆ. ದಿನವಿಡೀ ಹಣ್ಣು ಕೊಯ್ದು, ತೂಕ ಹಾಕಿಸಿ, ರಾತ್ರಿ ಲೈನ್ ಮನೆಯ ಜಗಲಿಯಲ್ಲಿ ಕುಳಿತಾಗ ಅವರೂ ಹಾಡುತ್ತಾರೆ, ಅಥವಾ ಮೊಬೈಲಿನಲ್ಲಿ ಊರಿನ ಹಾಡು ಕೇಳುತ್ತಾರೆ. ಅದೂ ನಮಗೆ ಅರ್ಥವಾಗದ ಭಾಷೆಯೇ. ಆ ಹಾಡಿಗೆ ನಾವೇನು ಹೇಳುತ್ತೇವೆ? “ಏನು ಗಲಾಟೆ ಇವರದ್ದು” ಎನ್ನುತ್ತೇವೆ. ಇನ್ನೂ ಮುಂದೆ ಹೋಗಿ, ಕಿವಿಗೆ ಬಿದ್ದ ಮಾತು ಬಂಗಾಳಿ ಎಂದಾದರೆ “ಇವರು ಬಾಂಗ್ಲಾದವರಿರಬೇಕು, ಕಾಗದಪತ್ರ ನೋಡಬೇಕು” ಎನ್ನುವವರಿದ್ದಾರೆ. ಒಂದು ಭಾಷೆಯ ಸದ್ದೇ ಅಪರಾಧದ ಸುಳಿವಾಗಿಬಿಡುತ್ತದೆ. ಹೆಸರು ಮುಸ್ಲಿಮರದ್ದಾದರೆ ಅನುಮಾನ ಇಮ್ಮಡಿ.

ಇದೇ ಬಂಗಾಳಿಯಲ್ಲಿ ರವೀಂದ್ರನಾಥ ಟಾಗೋರರು ಬರೆದ ರಾಷ್ಟ್ರಗೀತೆಯನ್ನು ನಮ್ಮ ಶಾಲೆಗಳ ಮಕ್ಕಳು ಎದ್ದು ನಿಂತು ಹಾಡುತ್ತಾರೆ. 1911ರಲ್ಲಿ ಕಲ್ಕತ್ತಾದಲ್ಲಿ ಮೊದಲು ಹಾಡಲಾದ ಆ ಗೀತೆಯ ಪ್ರತಿ ಪದದ ಅರ್ಥವನ್ನು ಬಿಡಿಸಿ ಹೇಳಬಲ್ಲ ಮಕ್ಕಳೆಷ್ಟು? ಆದರೂ ಗೌರವಕ್ಕೆ ಕೊರತೆಯಿಲ್ಲ. ಅರ್ಥವಾಗದ ಹಾಡಿಗೆ ಗೌರವ ಕೊಡುವುದು ನಮಗೆ ಬರುತ್ತದೆ ಎಂದಾಯಿತಲ್ಲ. ಅದು ಯಾರಿಗೆ ಸಲ್ಲಬೇಕು ಎಂಬಲ್ಲಿ ಮಾತ್ರ ನಾವು ಲೆಕ್ಕ ಇಡುತ್ತೇವೆ.

ಮಾಲೀಕರ ಮಗ ಹಾಡಿದ ಜಪಾನಿ ಹಾಡು ‘ಅಭಿರುಚಿ’. ಕಾರ್ಮಿಕ ಹಾಡಿದ ಬಂಗಾಳಿ ಹಾಡು ‘ಗಲಾಟೆ’. ಎರಡೂ ನಮಗೆ ತಿಳಿಯದ ಭಾಷೆಗಳೇ. ವ್ಯತ್ಯಾಸ ಹಾಡಿನಲ್ಲಿಲ್ಲ, ಹಾಡುವವನ ಅಂಗಿಯಲ್ಲಿದೆ. ಇದನ್ನು ಒಪ್ಪಿಕೊಳ್ಳುವುದು ನಮಗೆ ಕಷ್ಟ. ಏಕೆಂದರೆ ಅರ್ಥವಾಗುವುದಿಲ್ಲ ಎಂಬುದು ನಮ್ಮ ನಿಜವಾದ ಆಕ್ಷೇಪವಾಗಿರಲೇ ಇಲ್ಲ ಎಂದು ಅದರಿಂದ ಬಯಲಾಗುತ್ತದೆ. ಹುಟ್ಟೂರಿನಿಂದ ನೂರಾರು ಹರದಾರಿ ದೂರದಲ್ಲಿ ಲೈನ್ ಮನೆಯಲ್ಲಿ ಮಲಗುವವನಿಗೆ ಆ ಹಾಡು ಹವ್ಯಾಸವಲ್ಲ. ಅವನ ತಾಯಿಯ ಧ್ವನಿ ಇಲ್ಲಿಯವರೆಗೆ ಬಂದಿರುವುದು ಅದೊಂದರಲ್ಲೇ.

ಜಪಾನಿ ಹಾಡನ್ನು ಆರಿಸುವ ನಮ್ಮ ಯುವಜನರಿಗೆ ಇಲ್ಲೊಂದು ವಿಶೇಷ ಹೊಣೆ ಇದೆ. ಅರ್ಥವಾಗದೆಯೂ ಒಂದು ಹಾಡು ಎದೆಗೆ ತಾಗಬಲ್ಲದು ಎಂಬುದಕ್ಕೆ ಅವರೇ ಸಾಕ್ಷಿ. ಸಾಲುಗಳನ್ನು ಬರೆದುಕೊಂಡು, ಅರ್ಥ ಹುಡುಕಿ, ನಾಲಿಗೆ ತಿದ್ದಿಕೊಂಡು ಕಲಿಯುವ ಪ್ರೀತಿ ಅವರಲ್ಲಿದೆ. ಮನ್ನಿಸಿ ಕೇಳುವ ಮನೆಯವರೂ ಅವರಿಗೆ ಸಿಕ್ಕಿದ್ದಾರೆ. ಹೀಗೆ ತಮಗೆ ಸಿಕ್ಕಿದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ನ್ಯಾಯ. ಜಪಾನಿ ಹಾಡು ಹುಡುಕುವ ಬೆರಳಿಗೆ ಅಸ್ಸಾಮಿನ ಭೂಪೇನ್ ಹಜಾರಿಕಾರ ಹಾಡು ಹುಡುಕುವುದು ಕಷ್ಟವಲ್ಲ. 2019ರಲ್ಲಿ ಮರಣೋತ್ತರ ಭಾರತರತ್ನ ಪಡೆದ ಆ ಗಾಯಕನ ಭಾಷೆ ನಮ್ಮ ತೋಟಗಳಲ್ಲೇ ಕೇಳಿಸುತ್ತದೆ. ಕೊಯ್ಲು ಮುಗಿದ ಮೇಲೆ ಕಣದಲ್ಲಿ ಎಲ್ಲರೂ ಸೇರುವ ಸಂಜೆಗಳಿರುತ್ತವೆ. ಆಗ ಮೈಕು ಮಾಲೀಕರ ಮನೆಯ ಮಕ್ಕಳ ಕೈಯಲ್ಲೇ ಸುತ್ತಬೇಕೆಂದು ಎಲ್ಲೂ ಬರೆದಿಲ್ಲ. ಒಂದು ಹಾಡನ್ನು ಅವರ ಭಾಷೆಯಲ್ಲಿ ಕೇಳಿ, “ಇದರ ಅರ್ಥ ಏನಣ್ಣ?” ಎಂದು ವಿಚಾರಿಸಿದರೆ ಆ ಸಂಜೆ ಯಾರಿಗೂ ನಷ್ಟವಾಗದು.

ಒಟ್ಟಿನಲ್ಲಿ ನಮಗೆ ಅನಿಸುವುದು ಇಷ್ಟು. ಯಾವ ಹಾಡನ್ನು ಆರಿಸಬೇಕು ಎಂಬ ಪ್ರಶ್ನೆಗೆ ಭಾಷೆ, ಧರ್ಮ, ದೇಶಗಳಲ್ಲಿ ಉತ್ತರ ಹುಡುಕಬೇಕಾಗಿಲ್ಲ. ಮನಸ್ಸು ಒಪ್ಪಿದ್ದನ್ನು ಹಾಡಿ. ಜಪಾನಿಯೇ ಇರಲಿ, ಅದಕ್ಕೆ ಸಂಕೋಚ ಬೇಡ. ಆದರೆ ಅದರ ಅರ್ಥವನ್ನು ಕೇಳಿ ತಿಳಿಯಿರಿ. ಕೂಟದಲ್ಲಿರುವವರ ಮುಖ ನೋಡಿ ಹಾಡಿ. ಹಾಡಿ ಮುಗಿದ ಮೇಲೆ ಮೈಕನ್ನು ಯಾರ ಕೈಗೆ ಕೊಡುತ್ತೀರಿ, ಅವರು ಹಾಡುವಾಗ ನೀವೇನು ಮಾಡುತ್ತೀರಿ ಎಂಬುದೂ ಆಯ್ಕೆಯೇ. ನಮ್ಮ ಅಭಿರುಚಿ ಹಾಡುವ ನಾಲ್ಕು ನಿಮಿಷಗಳಲ್ಲಿ ತಿಳಿದರೆ, ನಾವು ಎಂಥ ಮನುಷ್ಯರು ಎಂಬುದು ಕೇಳುತ್ತ ಕುಳಿತ ಉಳಿದ ಹೊತ್ತಿನಲ್ಲಿ ತಿಳಿಯುತ್ತದೆ.